ನನ್ನ ಡ್ರೈವರ್ ಸೀಟಿನ ಮೇಲೆ ಕೂತವರು

“ಗಂಡಸರು ಕುಂದ್ರೂ ಸೀಟು ಅದು. ಚಿತ್ತಾಪುರ ಮುಟ್ಟೂದ್ರಾಗ ನಡಾ ಹಿಡಕೊಂಡು ಇಳೀತಾಳ. ಆಮ್ಯಾಲ ಚಾವಿ ನನ್ನ ಮಗನ ಕೈಯಾಗ ಕೊಡು ಅಂತ ಹೇಳು.”

ಹೀಗೆ ಅಂದವರು ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ. ಹೊಸ ಪಿಕಪ್ ಗಾಡಿ ವಾಡಿಯ ನಮ್ಮ ಮನೆಯ ಮುಂದೆ ಅದೇ ತಾನೇ ಬಂದು ನಿಂತಿತ್ತು. ನಾನು ಅವರಿಂದ ಮಾರು ದೂರದಲ್ಲಿದ್ದೆ. ಆದರೂ ಭಾವ ಈ ಮಾತನ್ನು ಹೇಳಿದ್ದು ನನ್ನ ಗಂಡನಿಗೆ. ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವುದು ಅವರ ಮರ್ಯಾದೆಗೆ ಸರಿಹೋಗುವುದಿಲ್ಲ. ನನಗೆ ಏನಾದರೂ ಬೈಯುವುದಿದ್ದರೆ ಗಂಡನನ್ನು ಬೈಯುತ್ತಾರೆ, ನಾನು ಕೇಳಿಸಿಕೊಳ್ಳಬೇಕು.

ಕೇಳಿಸಿಕೊಂಡೆ. ಸಿಮೆಂಟ್ ಫ್ಯಾಕ್ಟರಿಯ ಕೆಲಸಗಾರರಿಗೆ ರೊಟ್ಟಿ ಬಡಿದು ಕೊಟ್ಟು ಕೊಂಡ ಗಾಡಿ ಅದು. ಅಕ್ಷರವನ್ನು ಕೂಡ ನಾನು ಕಲಿತಿದ್ದು ರೊಟ್ಟಿ ಸುತ್ತುವ ಹಳೆಯ ಪೇಪರಿನಿಂದಲೇ. ಯಾರೂ ಕೂರಿಸಿ ಕಲಿಸಲಿಲ್ಲ. ಇಂಥವಳನ್ನು ಒಂದು ಸೀಟಿನಿಂದ ಇಳಿಸುವುದು ಅಷ್ಟು ಸುಲಭವಲ್ಲ. ಆದರೆ ಪ್ರಯತ್ನ ಮಾಡದವರಿಲ್ಲ. ಶಹಾಬಾದದ ಫರಸಿ ಕಲ್ಲು ಹೇರಿದರೂ, ಸೇಡಂನ ತೊಗರಿ ಹೇರಿದರೂ ನನ್ನ ಗಾಡಿಯಲ್ಲಿ ಎಲ್ಲರ ಕಣ್ಣು ಬೀಳುವುದು ಮಾಲಿನ ಮೇಲಲ್ಲ, ನಾನು ಕೂತ ಜಾಗದ ಮೇಲೆ. ಇದು ಒಂದು ಸಲದ ಮಾತಲ್ಲ. ಗಾಡಿಯ ಚಕ್ರ ತಿರುಗಿದಷ್ಟು ದಿನ ನಡೆಯುವಂಥದು.

ನಗುವ ಮನುಷ್ಯ

ಗಾಡಿಯ ಜೊತೆ ಒಂದು ಪುಸ್ತಕ ಕೊಡುತ್ತಾರೆ. ಅದನ್ನು ಯಾರೂ ಓದುವುದಿಲ್ಲ, ನಾನು ಓದಿದೆ. ಸರಿಯಾಗಿ ಹೇಗೆ ಕೂರಬೇಕು ಎಂಬುದಕ್ಕೆ ಅದರಲ್ಲಿ ಒಂದು ಚಿತ್ರವಿದೆ. ಒಬ್ಬ ಎತ್ತರದ ಗಂಡಸು ಬೆನ್ನು ನೆಟ್ಟಗೆ ಮಾಡಿ, ಕೈ ಚಾಚಿ, ನಗುತ್ತ ಕೂತಿದ್ದಾನೆ. ನಾನೂ ಹಾಗೇ ಕೂತೆ. ಬೆನ್ನು ಒರಗಿದರೆ ಕಾಲು ಕ್ಲಚ್ಚಿಗೆ ಮುಟ್ಟಲಿಲ್ಲ. ಕಾಲು ಮುಟ್ಟಿಸಿದರೆ ಬೆನ್ನಿಗೂ ಸೀಟಿಗೂ ನಡುವೆ ಒಂದು ಕೊಡ ಇಡುವಷ್ಟು ಜಾಗ ಉಳಿಯಿತು. ಸೀಟನ್ನು ಮುಂದೆ ಎಳೆಯುವ ಹಿಡಿಕೆ ಇದೆ ನಿಜ, ಪೂರ್ತಿ ಎಳೆದ ಮೇಲಿನ ಸಂಗತಿಯನ್ನೇ ನಾನು ಹೇಳುತ್ತಿರುವುದು. ಆ ಚಿತ್ರದ ಮನುಷ್ಯ ನಗುತ್ತಿರುವುದಕ್ಕೆ ಕಾರಣ ನನಗೆ ಗೊತ್ತಾಯಿತು. ಅವನು ಸೇಡಂ ರಸ್ತೆಯಲ್ಲಿ ಒಮ್ಮೆಯೂ ಹೋಗಿಲ್ಲ.

ಸಾಲದ್ದಕ್ಕೆ ಸೀಟಿನ ಮೇಲೆ ಕಂಪನಿಯವರು ಹಾಕಿ ಕಳಿಸಿದ ಪ್ಲಾಸ್ಟಿಕ್ ಹಾಳೆ. ಅದನ್ನು ತೆಗೆಯಲು ನನ್ನ ಗಂಡ ಬಿಡಲಿಲ್ಲ. ನೋಡಲು ಬರುವ ಮಂದಿಗೆ ಗಾಡಿ ಹೊಸದು ಎಂದು ಗೊತ್ತಾಗಬೇಕಂತೆ. ನಮ್ಮ ಓಣಿಯಲ್ಲಿ ಟಿವಿಗೂ ಕುರ್ಚಿಗೂ ಇದೇ ನಿಯಮ. ಹಾಳೆ ತಾನಾಗಿ ಹರಿದು ಹೋಗುವ ತನಕ ವಸ್ತು ಹೊಸದು. ಆದರೆ ಕುರ್ಚಿಯನ್ನು ಯಾರೂ ಬೇಸಿಗೆಯಲ್ಲಿ ಚಿತ್ತಾಪುರಕ್ಕೆ ಓಡಿಸಿಕೊಂಡು ಹೋಗುವುದಿಲ್ಲವಲ್ಲ. ವಾಡಿಯ ಬಿಸಿಲಿಗೆ ಆ ಪ್ಲಾಸ್ಟಿಕ್ ಹೆಂಚಿನಂತೆ ಕಾಯುತ್ತಿತ್ತು. ತಿರುವು ಬಂದರೆ ನಾನು ಬಾಗಿಲ ಕಡೆ ಜಾರುತ್ತಿದ್ದೆ, ಬ್ರೇಕ್ ಹಾಕಿದರೆ ಮುಂದಕ್ಕೆ. ಇಳಿಯುವಾಗ ಸೀರೆ ಸೀಟಿಗೆ ಅಂಟಿ, ಕಿತ್ತುಕೊಂಡು ಬರುವ ಸದ್ದಿಗೆ ತೊಗರಿ ಮಾರಲು ಬಂದವರೆಲ್ಲ ತಿರುಗಿ ನೋಡುತ್ತಿದ್ದರು.

ಒಂದು ದಿನ ಮನೆಗೆ ಬಂದವಳೇ ಕುಡುಗೋಲು ತಂದು ಹಾಳೆಗೆ ಹಾಕಿದೆ. ಗಂಡ ಓಡಿ ಬಂದು ಕೈ ಹಿಡಿದರು.

“ಹರೀಬ್ಯಾಡ, ಗಾಡಿ ಹಳೇದಾಗ್ತದ.”

“ಹರೀಲಿಲ್ಲಂದ್ರ ನಾ ಹಳೇಕಿ ಆಗ್ತೀನಿ,” ಅಂದೆ.

ಅವರು ಕೈ ಬಿಡದೆ ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಯೋಚನೆ ಮಾಡುತ್ತಿದ್ದರು. ಯೋಚನೆ ಮಾಡುವಂಥದು ಅದರಲ್ಲೇನಿತ್ತು ಎಂಬ ಸಿಟ್ಟು ನನಗೆ ಇವತ್ತಿಗೂ ಇದೆ.

ಅಳತೆ

ಹಾಳೆ ಹೋಯಿತು, ನೋವು ಹೋಗಲಿಲ್ಲ. ಸೇಡಂಗೆ ಹೋಗಿ ಬಂದ ದಿನ ನಡ ಎದ್ದು ನಿಲ್ಲಲು ಒಲ್ಲೆ ಅನ್ನುತ್ತಿತ್ತು. ಆದರೆ ಮನೆಯಲ್ಲಿ ಒಂದು “ಅವ್ವಾ” ಅನ್ನುವಂತಿಲ್ಲ. ಗೋಡೆಯ ಆ ಕಡೆಯೇ ಭಾವನ ಮನೆ. ನನ್ನ ನರಳಾಟ ಒಮ್ಮೆ ಕೇಳಿಸಿದರೆ ಸಾಕು, ಚಾವಿಗಾಗಿ ಮಗನನ್ನು ಕಳಿಸುತ್ತಾರೆ. ಹಾಗಾಗಿ ನೆಟ್ಟಗೆ ನಡೆದು ಒಳಗೆ ಹೋಗಿ, ಬಾಗಿಲು ಹಾಕಿ, ಬಾಯಲ್ಲಿ ಸೆರಗು ಇಟ್ಟುಕೊಂಡು ಮಲಗುತ್ತಿದ್ದೆ.

ಶಹಾಬಾದದಲ್ಲಿ ಗಾಡಿಗಳ ಸೀಟು ಹೊಲಿಯುವ ಒಬ್ಬ ಮಿಸ್ತ್ರಿ ಇದ್ದಾರೆ. ಕೈ ಒಳ್ಳೆಯದು, ಮನುಷ್ಯ ಭಾಳ ಮರ್ಯಾದಸ್ಥ. ಆ ಮರ್ಯಾದೆಯೇ ನನಗೆ ಮುಳುವಾಯಿತು. ನನ್ನ ಬೆನ್ನಿಗೆ ಸರಿಯಾಗಿ ಸೀಟು ತುಂಬಿಸಿ ಕೊಡಿ ಅಂದರೆ, ನನ್ನನ್ನು ಅಕ್ಕ ಎಂಬ ಅರ್ಥದಲ್ಲಿ ಆಪಾ ಎಂದೇ ಕರೆಯುವ ಅವರು ನೆಲ ನೋಡುತ್ತ ಅಂದರು: “ಆಪಾ, ಹೆಣ್ಣಮಕ್ಕಳ ಅಳತಿ ನಾ ತಗೊಳಂಗಿಲ್ಲ. ನಿಮ್ಮ ಯಜಮಾನ್ರನ್ನ ಕಳಸ್ರಿ.”

ಜೊತೆಗೆ ಬಂದಿದ್ದ ಗಂಡನನ್ನು ಮಾತಾಡಲು ಕಳಿಸಿ ನಾನು ಫರಸಿ ಹೇರಿಸಿಕೊಳ್ಳಲು ಹೋದೆ. ಬರುವಷ್ಟರಲ್ಲಿ ನನ್ನ ಗಂಡನ ಅಳತೆ ತೆಗೆದು ಮುಗಿದಿತ್ತು. ನನ್ನ ಗಂಡ ಭಾಳ ಎತ್ತರದ ಮನುಷ್ಯ, ಬಾಗಿಲಲ್ಲಿ ಬಗ್ಗಿಯೇ ಬರುವವರು. ಗಾಡಿ ಹೊಡೆಯಲು ಅವರಿಗೆ ಬರುವುದೂ ಇಲ್ಲ. ಮುಂದಿನ ವಾರ ಸೀಟು ತಯಾರಾಯಿತು. ಬೆನ್ನಿಗೆ ಬರಬೇಕಾದ ಉಬ್ಬು ನನ್ನ ಕುತ್ತಿಗೆಗೆ ಬಂದು, ನಾನು ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ಗಾಡಿ ಹೊಡೆಯಬೇಕಾಯಿತು. ಪಕ್ಕದ ಸೀಟಿನವರು ಏನೋ ಬೇಜಾರಾಗಿದೆ ಎಂದು ಸಮಾಧಾನ ಹೇಳುತ್ತಿದ್ದರು.

ಗಾಡಿಯನ್ನು ಅದೇ ದಾರಿಗೆ ತಿರುಗಿಸಿಕೊಂಡು ಹೋಗಿ ಜಗಳ ತೆಗೆದೆ. ಮಿಸ್ತ್ರಿಗೆ ನಿಜವಾಗಿ ಬೇಸರವಾಯಿತು. ಒಳಗಿನಿಂದ ತಮ್ಮ ಹೆಂಡತಿಯನ್ನು ಕರೆಸಿದರು. ಅವರು ಹೆಂಗಸರ ಜಂಪರ, ಅಂದರೆ ಕುಪ್ಪಸ, ಹೊಲಿಯುವವರು. ಹೆಣ್ಣುಮಗಳ ಅಳತೆಯನ್ನು ಹೆಣ್ಣುಮಗಳು ತೆಗೆಯುವುದರಲ್ಲಿ ತಪ್ಪೇನು? ಆ ತಾಯಿ ಟೇಪು ಹಿಡಿದು ಎದೆ, ಭುಜ, ತೋಳು, ಕುತ್ತಿಗೆಯ ಸುತ್ತು ಎಲ್ಲ ಅಳೆದು ಕೂಗಿ ಹೇಳಿದರು. ಪರದೆಯ ಆ ಕಡೆ ಮಿಸ್ತ್ರಿ ಬರೆದುಕೊಂಡರು. ನಾನೂ ಕೈ ಎತ್ತು ಅಂದರೆ ಎತ್ತಿದೆ, ತಿರುಗು ಅಂದರೆ ತಿರುಗಿದೆ. ಮನೆಗೆ ಬಂದು ರೊಟ್ಟಿ ಬಡಿಯುವಾಗ ಥಟ್ಟನೆ ಹೊಳೆಯಿತು. ಮೈಯಲ್ಲಿ ಯಾವುದನ್ನು ಊರಿ ನಾನು ದಿನವಿಡೀ ಕೂರುತ್ತೇನೋ ಅದೊಂದನ್ನು ಬಿಟ್ಟು ಉಳಿದಿದ್ದನ್ನೆಲ್ಲ ಅಳೆದಿದ್ದರು.

ಆ ಅಳತೆಗೆ ಹೊಲಿದು ಬಂದ ಸೀಟಿಗೆ ತೋಳು ಒಂದು ಇರಲಿಲ್ಲ, ಇಲ್ಲವಾದರೆ ತೊಟ್ಟುಕೊಂಡು ಹೋಗಬಹುದಿತ್ತು.

ಡ್ರೈವರಿಗೆ ಹೇಳಿ

ಕೊನೆಗೆ ಚಿತ್ತಾಪುರದ ಒಬ್ಬ ಡಾಕ್ಟರ ಹತ್ತಿರ ಹೋದೆ, ಮನೆಯಲ್ಲಿ ಯಾರಿಗೂ ಹೇಳದೆ. ಪಿಕಪ್ಪಿನಲ್ಲಿ ದೂರ ಓಡಾಡುತ್ತೇನೆ, ನಡ ನೋಯುತ್ತದೆ ಎಂದೆ. ಅವರು ಬೆನ್ನು ಒತ್ತಿ ನೋಡಿ, ಗುಳಿಗೆ ಬರೆದು, ಎರಡು ಮಾತು ಹೇಳಿದರು. ಒಂದೇ ಸವನೆ ಕೂರಬಾರದು, ನಡುನಡುವೆ ಇಳಿದು ಅಡ್ಡಾಡಬೇಕು. ಎರಡನೆಯದು: “ಡ್ರೈವರಗ ಸಾವಕಾಶ ಹೊಡಿ ಅಂತ ಹೇಳ್ರಿ.”

ಹೇಳುತ್ತೇನೆ ಅಂದೆ. ಹೇಳಿಯೂ ನೋಡಿದೆ. ಆಕೆ ಯಾರ ಮಾತೂ ಕೇಳುವವಳಲ್ಲ.

ಮೊದಲನೆಯ ಮಾತನ್ನು ಪಾಲಿಸಿದೆ. ಚಿಂಚೋಳಿಗೆ ಹೋಗುವಾಗ ಒಂದು ಬೇವಿನ ಮರದ ಹತ್ತಿರ ಗಾಡಿ ನಿಲ್ಲಿಸಿ, ಇಳಿದು, ಗಾಡಿಯ ಸುತ್ತ ನಡೆಯತೊಡಗಿದೆ. ಒಬ್ಬ ಹೆಣ್ಣುಮಗಳು ನಿಂತ ಗಾಡಿಯನ್ನು ಸುತ್ತುತ್ತಿದ್ದರೆ ನಮ್ಮ ಕಡೆಯ ಗಂಡಸು ಮುಂದೆ ಹೋದಾನೆಯೇ? ಮೋಟಾರ್ ಸೈಕಲ್ಲಿನವನು ನಿಂತ, ಟ್ರ್ಯಾಕ್ಟರಿನವನು ನಿಂತ, ಟ್ರ್ಯಾಕ್ಟರಿನ ಮೇಲೆ ಕೂತವರೆಲ್ಲ ಇಳಿದರು. ಏನಾಗಿದೆ ಎಂದರು. ಗಾಡಿಗೆ ಏನೂ ಆಗಿಲ್ಲ, ಕಾಲು ಆಡಿಸುತ್ತಿದ್ದೇನೆ ಎಂದೆ. ಅವರಲ್ಲಿ ಹಿರಿಯನೊಬ್ಬ ನನ್ನನ್ನು ಕನಿಕರದಿಂದ ನೋಡಿ, “ಏನೂ ಆಗಿಲ್ಲಂದ್ರ ಯಾರರ ಇಳೀತಾರೇನವ್ವ,” ಎಂದವನೇ ಬಾನೆಟ್ ಎತ್ತಿದ. ಒಬ್ಬ ಒಂದು ವೈರು ಕಿತ್ತು ಒರೆಸಿದ. ಇನ್ನೊಬ್ಬ, ಅದು ಅಲ್ಲಿಯದಲ್ಲ ಎಂದು ಬೇರೆ ಕಡೆ ಸಿಕ್ಕಿಸಿದ. ಮೂರನೆಯವನು ಚಾವಿ ತಿರುಗಿಸಿದ.

ಗಾಡಿ ಕೆಮ್ಮಲೂ ಇಲ್ಲ.

“ನೋಡ್ರಿ, ನಾ ಹೇಳಿಲ್ಲೇನು, ಕೆಟ್ಟದ,” ಎಂದ ಆ ಹಿರಿಯ. ಅವನ ಮುಖದಲ್ಲಿ ರೋಗವನ್ನು ಸರಿಯಾಗಿ ಕಂಡುಹಿಡಿದವನ ಸಮಾಧಾನವಿತ್ತು. ಗಾಡಿಯನ್ನು ಅದೇ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಹೋದೆ. ಸುದ್ದಿ ನನಗಿಂತ ಮುಂಚೆ ವಾಡಿ ಮುಟ್ಟಿತ್ತು. ಭಾವ ಅಂಗಳದಲ್ಲಿ ಗಂಡನಿಗೆ ಹೇಳುತ್ತಿದ್ದರು: “ಹೆಂಗಸರ ಕೈಯಾಗ ಗಾಡಿ ಬಾಳ್ವಿ ಮಾಡಂಗಿಲ್ಲ. ನನ್ನ ಮಗ ಲೈಸೆನ್ಸ್ ತಗೊಂಡು ಸುಮ್ ಕುಂತಾನ.”

ಕೂರದವರು

ಇದು ಸಣ್ಣ ಪ್ರಸಂಗ. ತೆಂಗಳಿಯ ಒಬ್ಬ ರೈತರು ತೊಗರಿ ಚೀಲ ಹೇರಿಕೊಂಡು ಸೇಡಂ ತನಕ ನನ್ನ ಪಕ್ಕದಲ್ಲಿ ಬಂದರು. ಹತ್ತುವಾಗ ಹೆಣ್ಣು ಡ್ರೈವರ್ ಎಂದು ಗೊತ್ತಿರಲಿಲ್ಲ. ಗೊತ್ತಾದಾಗ ಗಾಡಿ ಚಾಲೂ ಆಗಿತ್ತು. ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದರಲ್ಲಿ ಬಾಗಿಲು ಹಿಡಿದು ದಾರಿಯುದ್ದಕ್ಕೂ ದೇವರ ನಾಮ ಹೇಳಿದರು. ಸೇಡಂನಲ್ಲಿ ಇಳಿದವರೇ ನಡದ ಮೇಲೆ ಕೈ ಇಟ್ಟು ಹಾಗೇ ನಿಂತರು. ನನಗೆ ಒಳಗೊಳಗೇ ಸಂತೋಷವಾಯಿತು. ಅಂತೂ ಈ ಸೀಟಿನ ಕಷ್ಟ ಇನ್ನೊಬ್ಬರಿಗೆ ಗೊತ್ತಾಯಿತಲ್ಲ ಎಂದು ಕೇಳಿದೆ:

“ಸೀಟು ಭಾಳ ಖರಾಬ್ ಅದಲ್ರಿ ಕಾಕಾ?”

“ಸೀಟು ಹೆಂಗದನೋ ಏನೋ ತಂಗಿ,” ಎಂದರು. “ನಾ ಕುಂತೇ ಇಲ್ಲ.”

ಹಾಸಿದ ಕೌದಿ

ಇಷ್ಟೆಲ್ಲ ಆದ ಮೇಲೆ ನಾನು ಪೆಟ್ಟಿಗೆ ತೆಗೆದೆ. ಅದರಲ್ಲಿ ನನ್ನ ಮದುವೆಗೆ ಅವ್ವ ಹೊಲಿದು ಕೊಟ್ಟ ಕೌದಿ ಇತ್ತು. ತನ್ನ ಹಳೆಯ ಸೀರೆಗಳ ತುಂಡು ಜೋಡಿಸಿ, ಪದರ ಹಾಕಿ, ಜೋಳದ ಕಾಳಿನಂಥ ಹೊಲಿಗೆ ಹಾಕಿದ್ದಳು. ನಮ್ಮಲ್ಲಿ ಇಂಥ ಕೌದಿ ಹೊರಗೆ ಬರುವುದು ಬೀಗರು ಬಂದಾಗ ಮಾತ್ರ. ಅವರಿಗೆ ಹಾಸುತ್ತೇವೆ, ಅವರು ಹೋದ ಮೇಲೆ ಮಡಿಚಿ ಇಡುತ್ತೇವೆ. ನಾನು ಅದನ್ನು ಮಡಿಕೆ ಮಾಡಿ ಡ್ರೈವರ್ ಸೀಟಿನ ಮೇಲೆ, ಬೆನ್ನಿಗೂ ಬರುವ ಹಾಗೆ ಹಾಸಿದೆ. ಕಾಲು ಕ್ಲಚ್ಚಿಗೆ ಮುಟ್ಟಿತು, ಬೆನ್ನು ಒರಗಿತು. ಆವತ್ತು ಸೇಡಂಗೆ ಹೋಗಿ ಬಂದು, ಇಳಿದು, ಭಾವನ ಬಾಗಿಲ ಮುಂದೆ ಬೇಕಂತಲೇ ಎರಡು ಸಲ ಅಡ್ಡಾಡಿದೆ.

ಅಷ್ಟರಲ್ಲಿ ಭಾವನ ಮಗನಿಗೆ ಚಿಂಚೋಳಿಯ ಹೆಣ್ಣು ಗೊತ್ತಾಯಿತು. ಮದುವೆ ಹೆಣ್ಣಿನ ಮನೆಯಲ್ಲಿ. ಮಾತುಕತೆಯಲ್ಲಿ ಭಾವ ಏನು ಹೇಳಿದ್ದರು ಎಂಬುದು ನನಗೆ ಗೊತ್ತಾದದ್ದು ತಡವಾಗಿ, ನನ್ನ ಗಂಡ ಬಾಯಿ ತಪ್ಪಿ ಹೇಳಿದಾಗ. ಮನೆಯಲ್ಲಿ ಪಿಕಪ್ ಇದೆ, ಅದು ಹುಡುಗನದೇ, ಹೊಡೆಯುವವನೂ ಹುಡುಗನೇ ಎಂದು ಹೇಳಿದ್ದರು. ಅಂದರೆ ನಾನು ಇಳಿಯುವುದನ್ನು ಕಾಯುವಷ್ಟೂ ತಾಳ್ಮೆ ಇರಲಿಲ್ಲ. ನಾನಿನ್ನೂ ಸೀಟಿನ ಮೇಲೆ ಇರುವಾಗಲೇ ಸೀಟನ್ನು ಸೊಸೆಗೆ ತೋರಿಸಿ ಮದುವೆ ಗೊತ್ತು ಮಾಡಿದ್ದರು. ಮದುವೆಯ ದಿನ ಒಬ್ಬ ಗಂಡು ಡ್ರೈವರನ್ನು ಕರೆಸುವುದು, ನಾನು ಹೆಂಗಸರ ಜೊತೆ ಜೀಪಿನಲ್ಲಿ ಬರುವುದು ಎಂದು ಅವರ ಲೆಕ್ಕ. ಚಾವಿ ಒಂದನ್ನು ಮಾತ್ರ ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ನನ್ನ ಸೊಂಟದಲ್ಲಿತ್ತು.

ಮದುವೆಯ ಬೆಳಿಗ್ಗೆ ನಮ್ಮನ್ನು ಕರೆದೊಯ್ಯಲು ಹೆಣ್ಣಿನ ಅಜ್ಜ ಬಂದರು. ರುಮಾಲು, ಬೆತ್ತ, ಹಣೆಯ ತುಂಬ ವಿಭೂತಿ. ಬಸ್ಸಿನಲ್ಲಿ ಬಂದು ಅವರ ನಡ ಹಿಡಿದುಕೊಂಡಿತ್ತು. ಮೊಮ್ಮಗಳು ನಾಳೆ ಕೂರುವ ಗಾಡಿಯನ್ನು ನೋಡಬೇಕು, ಅದರಲ್ಲೇ ಬರುತ್ತೇನೆ ಎಂದರು. ಬಾಗಿಲು ತೆರೆದರು. ಒಂದು ಸೀಟಿನ ಮೇಲೆ ಬರೀ ರೆಕ್ಸಿನ್. ಇನ್ನೊಂದರ ಮೇಲೆ ಹಾಸಿದ ಕೌದಿ. ಬೀಗರಿಗೆ ಯಾವುದು ತಮ್ಮ ಜಾಗ ಎಂದು ಯಾರಾದರೂ ಹೇಳಿಕೊಡಬೇಕೇ? ಬೆತ್ತವನ್ನು ಗೇರಿಗೆ ಒರಗಿಸಿ ನನ್ನ ಸೀಟಿನ ಮೇಲೆ ಹೋಗಿ ಕೂತರು.

“ಬೆನ್ನಿಗೆ ಭಾಳ ಹಿತಾಗ್ಯದ,” ಅಂದರು. ಸ್ಟೇರಿಂಗ್ ಮೇಲೆ ಕೈ ಇಟ್ಟು, “ಡ್ರೈವರ್ ಬರ್ಲಿ, ಏಳ್ತೀನಿ,” ಎಂದು ಕಣ್ಣು ಮುಚ್ಚಿದರು.

ಡ್ರೈವರ್ ಅವರ ಎದುರಿಗೇ ನಿಂತಿದ್ದಳು. ಹಸಿರು ಸೀರೆ ಉಟ್ಟು, ಹೂ ಮುಡಿದು, ಚಾವಿ ಸಿಕ್ಕಿಸಿಕೊಂಡು. ನಾನೇ ಹೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಹೇಳಲಿಲ್ಲ. ಸುಳ್ಳು ಹೇಳಿದವರೇ ನಿಜ ಹೇಳಲಿ ಎಂದು ಕೈ ಕಟ್ಟಿ ನಿಂತೆ.

ಭಾವ ಕರೆಸಿದ್ದ ಡ್ರೈವರ್ ಬರಲಿಲ್ಲ. ಮದುವೆಯ ದಿನಗಳಲ್ಲಿ ಡ್ರೈವರು ಸಿಗುತ್ತಾರೆಯೇ? ಮದುಮಗ ಹಣೆಗೆ ಬಾಸಿಂಗ ಕಟ್ಟಿಸಿಕೊಂಡು ಜೀಪಿನಲ್ಲಿ ಕೂತಿದ್ದ, ಅವನನ್ನು ಇಳಿಸುವಂತಿಲ್ಲ. ಹಾಸಿದ ಕೌದಿಯ ಮೇಲೆ ಕೂತ ಬೀಗರಿಗೆ ಏಳಿ ಅನ್ನುವ ಧೈರ್ಯ ಯಾರಿಗೂ ಇಲ್ಲ, ಹಾಗೆ ಅಂದರೆ ಮದುವೆಯೇ ಎದ್ದು ಹೋದೀತು. ಜೀಪಿನವರು ಹಾರನ್ ಹೊಡೆಯತೊಡಗಿದರು. ಅಕ್ಷತೆಯ ಹೊತ್ತು ಹತ್ತಿರ ಬರುತ್ತಿತ್ತು, ಚಿಂಚೋಳಿ ಹತ್ತಿರ ಬರುತ್ತಿರಲಿಲ್ಲ. ಅಜ್ಜನವರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

ಆಗ ಭಾವ ನನ್ನ ಹತ್ತಿರ ಬಂದರು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಮೊದಲ ಸಲ ನೇರವಾಗಿ ನನಗೇ ಹೇಳಿದರು:

“ಯವ್ವಾ, ಹೆಂಗರ ಮಾಡಿ ಇಳಸು.”

“ಇಳಸಿ, ಹೊಡ್ಯಾಕಿ ಯಾರ್ರೀ ಭಾವಾರ?”

ಅವರು ಚಪ್ಪಲಿ ನೋಡಿಕೊಂಡರು. ಮದುಮಗಳು ಚಿಂಚೋಳಿಯಲ್ಲಿ ಅರಿಶಿಣ ಹಚ್ಚಿಕೊಂಡು ಕಾಯುತ್ತಿದ್ದಾಳೆ ಎಂದು ನನಗೆ ನೆನಪಾಯಿತು. ಆಕೆಯ ತಪ್ಪೇನು? ಒಳಗೆ ಹೋಗಿ ಒಂದು ತೆಂಗಿನಕಾಯಿ ತಂದೆ. ಸೆರಗು ಸರಿಮಾಡಿ ಬಾಗಿಲ ಹತ್ತಿರ ನಿಂತು ಎಬ್ಬಿಸಿದೆ.

“ಯಜ್ಜಾರ, ಗಾಡಿ ಹೊಂಡಬೇಕು. ಬೀಗರ ಕೈಲೇ ಕಾಯಿ ಒಡಸ್ಬೇಕ್ರಿ, ಹಿರೇರು ನೀವ ಇದ್ದೀರಿ.”

ಯಾವ ಹಿರಿಯರು ಇಂಥ ಮಾನ ಬಿಟ್ಟಾರು? ರುಮಾಲು ಸರಿಮಾಡಿಕೊಂಡು ಗಂಭೀರವಾಗಿ ಇಳಿದು ಗಾಡಿಯ ಮುಂದೆ ಹೋದರು. ಚಕ್ರಕ್ಕೆ ನೀರು ಹಾಕಿಸಿದರು. ಕಾಯಿಯನ್ನು ಎತ್ತಿ ಒಂದೇ ಏಟಿಗೆ ಒಡೆದರು. ಹೋಳು ಹಿಡಿದು ತಲೆ ಎತ್ತಿ ನೋಡಿದರೆ ಗಾಜಿನ ಹಿಂದೆ ನಾನು ಕೂತಿದ್ದೆ. ಗಾಡಿ ಚಾಲೂ ಆಗಿತ್ತು.

ಬಾಗಿಲ ಹತ್ತಿರ ಬಂದರು. “ತಂಗಿ, ಅದು ನನ್ನ ಜಾಗ.”

ನಾನು ಭಾವನನ್ನು ನೋಡಿದೆ. ಎಲ್ಲರೂ ಭಾವನನ್ನೇ ನೋಡಿದರು. ಜೀಪಿನವರು ಹಾರನ್ ನಿಲ್ಲಿಸಿದರು.

“ಬೀಗರ,” ಎಂದರು ಭಾವ, “ಗಾಡಿ ಆಕೀದು. ಹೊಡ್ಯಾಕಿನೂ ಆಕಿನೇ.”

“ಮತ್ತ ಹುಡುಗ?”

“ಹುಡುಗ ಇನ್ನಾ ಕಲ್ಯಾಕತ್ತಾನ್ರಿ.”

“ಯಾರ ಬಲ್ಲಿ?”

ಅಣ್ಣನ ಎದುರು ಎಂದೂ ಬಾಯಿ ತೆರೆಯದ ನನ್ನ ಗಂಡ, ಗಾಡಿಯ ಹಿಂಭಾಗದಲ್ಲಿ ಹೇರಿದ್ದ ಮದುವೆಯ ಪಾತ್ರೆಗಳ ನಡುವಿನಿಂದ ಎದ್ದು ನಿಂತು ಕೂಗಿದರು: “ಇಕಿ ಬಲ್ಲೇನೇ ರೀ.”

ಅಜ್ಜನವರು ಹೋಳನ್ನು ಕೈಯಲ್ಲಿ ತಿರುಗಿಸುತ್ತ ಬಹಳ ಹೊತ್ತು ನಿಂತರು. ಆಮೇಲೆ ಅವರು ಗಾಡಿಯನ್ನು ಸುತ್ತಿ ಬಂದು ಈ ಕಡೆ ಹತ್ತಿದರು, ರೆಕ್ಸಿನ್ ಸೀಟಿನ ಮೇಲೆ ಕೂತರು, ಬಾಗಿಲು ಹಾಕಿಕೊಂಡರು.

“ಹಂಗಾರ ಕೌದಿ ಅರ್ಧ ಈ ಕಡಿ ಸರಸು,” ಎಂದರು.

ಸರಿಸಿದೆ. ಅಕ್ಷತೆಗೆ ಸರಿಯಾಗಿ ಮುಟ್ಟಿಸಿದೆ, ನಡ ಮುರಿಯುವ ಹಾಗೆ ಅರ್ಧ ಕೌದಿಯ ಮೇಲೆ ಕೂತು. ಅಷ್ಟಾದರೂ ನನ್ನ ಹೆಸರು ಹೇಳುವರೋ ಎಂದರೆ, ಚಿಂಚೋಳಿಯ ಹಂದರದಲ್ಲಿ ಅಜ್ಜನವರು ಕಂಡಕಂಡವರಿಗೆ ಹೇಳುತ್ತಿದ್ದರು: “ಹೆಣ್ಣಮಗಳು ಪಾಪ ನಿಂತಿದ್ಲು. ನಾನೇ ಎದ್ದು ಸೀಟು ಬಿಟ್ಟುಕೊಟ್ಟೆ.”

ಇಂಥದು ಇನ್ನೊಮ್ಮೆ ನಡೆಯಬಾರದು ಎಂದು ಮುಂದಿನ ವಾರವೇ ಶಹಾಬಾದಕ್ಕೆ ಹೋದೆ. ಕೌದಿ ಕಣ್ಣಿಗೆ ಕಂಡರಲ್ಲವೇ ಬೀಗರು ಕೂರುವುದು? ಅದನ್ನು ಸೀಟಿನ ಒಳಗೇ ಹಾಕಿ ಮೇಲೆ ರೆಕ್ಸಿನ್ ಹೊಲಿಯಿರಿ ಎಂದೆ. ಮಿಸ್ತ್ರಿ ಕೌದಿಯನ್ನು ತಿರುವಿ ನೋಡಿ, ಕತ್ತರಿಸದೆ ಕೂರುವುದಿಲ್ಲ ಆಪಾ, ಎಂದರು. ಅವರ ಕೈ ಏಳಲಿಲ್ಲ. ಕತ್ತರಿ ಇಸಿದುಕೊಂಡು ನಾನೇ ಕತ್ತರಿಸಿದೆ.

ಆಮೇಲೆ ಒಮ್ಮೆ ನಾಲವಾರದಿಂದ ಅವ್ವ ಬಂದಾಗ ಆ ಸೀಟಿನ ಮೇಲೆ ಕೂರಿಸಿದೆ. ಏನೂ ಹೇಳಿರಲಿಲ್ಲ. ಅವಳು ರೆಕ್ಸಿನ್ ಮೇಲೆ ಬೆರಳಾಡಿಸಿ, ಒಂದು ಕಡೆ ನಿಲ್ಲಿಸಿ, “ನನ್ನ ಹಸರು ಸೀರಿ ಇಲ್ಲೇ ಅದ,” ಎಂದಳು. ಸಿಟ್ಟು ಮಾಡಲಿಲ್ಲ. ಭಾವನ ಮಗ ಈಗ ಕೈಯಲ್ಲಿ ಲೈಸೆನ್ಸ್ ಇಟ್ಟುಕೊಂಡೇ ನನ್ನ ಹತ್ತಿರ ಗಾಡಿ ಕಲಿಯುತ್ತಿದ್ದಾನೆ, ಭಾಳ ಎತ್ತರದ ಹುಡುಗ, ಆ ಸೀಟಿನಲ್ಲಿ ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತದೆ. ಸೀಟು ಬದಲಿಸು ಕಾಕೂ ಎಂದರೆ ನನಗೆ ಕಿವಿ ಕೇಳಿಸುವುದಿಲ್ಲ.

ನನ್ನ ಹೆಸರಿನಲ್ಲಿ ಈಗ ಒಂದು ಪಿಕಪ್ ಇದೆ, ಅದರಲ್ಲಿ ನನ್ನೊಬ್ಬಳ ಬೆನ್ನಿಗೆ ಒಪ್ಪುವ ಒಂದು ಸೀಟಿದೆ. ಅದಕ್ಕೆ ಹಿಡಿದದ್ದು ಅವ್ವನ ಒಂದು ಕೌದಿ. ಇನ್ನೊಂದು ಹೊಲಿಯುವಷ್ಟು ಕಣ್ಣು ಅವಳಿಗೆ ಈಗಿಲ್ಲ.